ಮೇಲುರುಜು

ಅರ್ಜಿ ಮುಚ್ಚಲು ಇನ್ನು ಒಂದೂಕಾಲು ಗಂಟೆ.
ಬಾಸ್ಟನ್ ಎಂದರೆ ಅಮೆರಿಕದ್ದಲ್ಲ,
ಲಿಂಕನ್‌ಶೈರಿನ ಈ ಚಪ್ಪಟೆ ನೆಲದ್ದು:
ಕೋಸಿನ ಹೊಲ, ಅದರಾಚೆ ಕೋಸಿನ ಹೊಲ,
ಎಲ್ಲಿ ನಿಂತರೂ ಕಾಣುವ ಒಂದು ಇಗರ್ಜಿ ಗೋಪುರ.
ಸಂತೆಚೌಕದ ಮೂಲೆಗೆ ನನ್ನ ಔಷಧದಂಗಡಿ.
ಹಿಂದಿನ ಕೋಣೆಯಲ್ಲಿ
ಇನ್ಸುಲಿನ್ ಫ್ರಿಜ್ಜಿಗೆ ಬೆನ್ನು ಕೊಟ್ಟು
ಡಾರ್ತಾ ಅರ್ಜಿ ತುಂಬುತ್ತಿದ್ದಾಳೆ.

ಮೊದಲ ಮನೆಯಲ್ಲೇ ತಕರಾರು.
ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕಂತೆ.
ಅವಳ ಹೆಸರಿಗೆ ನೆತ್ತಿಯ ಮೇಲೊಂದು ದೀರ್ಘದ ಗೆರೆ,
ಮನೆತನದ ಹೆಸರಲ್ಲಿ ನಕಾರದ ಕಾಲಡಿಗೆ ಪುಟ್ಟ ಬಾಲ.
ಎರಡನ್ನೂ ಅರ್ಜಿ ಕೆಂಪಗೆ ಉಗುಳುತ್ತದೆ.
"ಗೆರೆ ತೆಗೆದರೆ ಬೇರೆಯವಳಾಗ್ತೀನಾ ನಾನು?"
ಒಂದಕ್ಷರ ಕದಲಿದರೆ ಮದ್ದೇ ಬೇರೆ ಎಂದು
ಹದಿನೈದು ತಿಂಗಳು ಬೋಧಿಸಿದವನು
ಗುಳಿಗೆ ಎಣಿಸುವ ತಟ್ಟೆ ಒರೆಸುತ್ತ ಕೂತೆ.
ಗೆರೆ ತೆಗೆದಳು. ಬಾಲ ಕತ್ತರಿಸಿದಳು.

ಎಷ್ಟನೆಯ ಪ್ರಯತ್ನ?
ಎರಡು, ಎಂದು ಒತ್ತಿದಳು, ಬೇಗ,
ಹಲ್ಲಿನ ಡಾಕ್ಟರಿಗೆ ಬಾಯಿ ತೆರೆಯುವವರ ಹಾಗೆ.
ಜೂನಿನಲ್ಲಿ ಲೆಕ್ಕದ ಪತ್ರಿಕೆ ಕೈಕೊಟ್ಟಿತ್ತು,
ಮಗುವಿನ ತೂಕ, ಹನಿಯ ವೇಗ, ಒಂದು ದಶಾಂಶ ಬಿಂದು.
ಆ ವಾರವೆಲ್ಲ ಅವಳು
ಯಾರಿಗೂ ಬೇಡದ ಕೆಮ್ಮಿನ ಸಿರಪ್ಪುಗಳನ್ನು
ಅವಧಿ ಮುಗಿವ ತಾರೀಖಿನಂತೆ ಜೋಡಿಸಿದ್ದಳು.

ಶುಲ್ಕದ ಮನೆ ಬಂದಾಗ
ಫೋನು ಹಿಡಿದು ಹಿತ್ತಲಿಗೆ ಹೋದಳು.
ಅವಳಮ್ಮ ವೆಲ್ತಾ, ಕೋಸು ಕಟ್ಟುವ ಶೆಡ್ಡಿನಲ್ಲಿ ರಾತ್ರಿ ಪಾಳಿ,
ಈ ಹೊತ್ತಿಗೆ ನಿದ್ದೆಯಲ್ಲಿರಬೇಕಾದವಳು.
ಲಾಟ್ವಿಯನ್ ನನಗೆ ಬಾರದು.
ಒಂದು ಅಂಕಿಯನ್ನು ಎರಡು ಸಲ ಹೇಳಿದಳೆಂದು ತಿಳಿಯಿತು,
ಎರಡನೆಯ ಸಲ ಮೆಲ್ಲಗೆ.

ಅಷ್ಟರಲ್ಲಿ ನನ್ನ ಕೈ
ಕಪಾಟಿನ ಮೇಲಣ ನೀಲಿ ಪುಸ್ತಕಕ್ಕೆ ಹೋಯಿತು.
ಆಗುತ್ತಿದ್ದು ಆಗದೆ ಉಳಿದ ತಪ್ಪುಗಳನ್ನು ಬರೆಯುವ ಪುಸ್ತಕ.
ಫೆಬ್ರುವರಿಯ ಪುಟ, ಪಿಂಚ್‌ಬೆಕ್ ಮುದುಕನ ಮೆಥೊಟ್ರೆಕ್ಸೇಟ್:
ವಾರಕ್ಕೊಮ್ಮೆ ನುಂಗಬೇಕಾದ್ದಕ್ಕೆ
ದಿನಕ್ಕೊಮ್ಮೆ ಎಂದು ಚೀಟಿ.
ಅಚ್ಚು ಹಾಕಿದ್ದು, ತಾಳೆ ನೋಡಿದ್ದು, ಚೀಲಕ್ಕೆ ಪಿನ್ನು ಹೊಡೆದದ್ದು
ಒಂದೇ ಕೈ.
ಪಿನ್ನು ಕಿತ್ತವಳು ಇವಳು.
"ಇದು ವಾರಕ್ಕಲ್ವಾ?" ಅಂದಿದ್ದಳು, ನನ್ನ ಮುಖ ನೋಡದೆ,
ಚೀಟಿಯನ್ನೇ ನೋಡುತ್ತ.
ಆಮೇಲೆ ಎಲ್ಲ ಬರೆದಳು, ಗಂಟೆ, ನಿಮಿಷ, ಮಾತ್ರೆಯ ಬಲ.
ಯಾರಿಂದ, ಎಂಬ ಮನೆಯೊಂದನ್ನು ಖಾಲಿ ಬಿಟ್ಟಳು.
ಎಂಟು ತಿಂಗಳು ನಾನೂ ಬಿಟ್ಟಿದ್ದೆ.
ಈಗ ತುಂಬಿದೆ, ನೋಂದಣಿ ಸಂಖ್ಯೆ ಸಮೇತ.
ಹಿತ್ತಲ ಬಾಗಿಲ ಸದ್ದಿಗೆ ಪುಸ್ತಕ ಮೇಲೆ ಹೋಯಿತು.

"ಆಯ್ತು," ಅಂದಳು. ಏನು ಆಯಿತೆಂದು ನಾನು ಕೇಳಲಿಲ್ಲ.
ಉಳಿದದ್ದು ಭಾವಚಿತ್ರ.
ನಗು ಇಲ್ಲ, ಕನ್ನಡಕ ಇಲ್ಲ, ಕಿವಿ ಕಾಣಬೇಕು.
ಕೈದಿಯ ಹಾಗಿದ್ದೀನಿ, ಅಂದಳು.
ಇದು ಅವಳದೇ ಮುಖವೆಂದು
ಬೆನ್ನಿಗೆ ನಾನು ಬರೆದು ರುಜು ಹಾಕಬೇಕು.
ನುಣುಪು ಕಾಗದ. ಶಾಯಿ ಹೀರದು.
ಬರೆದೆ: ನಾನು ಬಲ್ಲಂತೆ ಇದು ನಿಜವಾದ ಹೋಲಿಕೆ.
ನಂತರ ಹೆಸರು,
ಇಲ್ಲಿ ತಡೆಯಲು ಯಾವ ಯಂತ್ರವೂ ಇಲ್ಲ,
ನೆತ್ತಿಯ ಗೆರೆ ಎಳೆದೆ,
ನಕಾರದ ಕೆಳಗೆ ಬಾಲ ತಿದ್ದಿದೆ,
ಸ್ವಲ್ಪ ಉದ್ದವೇ ಆಯಿತು.

"ಅರ್ಜಿಯಲ್ಲಿ ಇಲ್ಲ, ಇಲ್ಲಿದೆ. ತಿರಸ್ಕರಿಸಿದರೆ?"
ಗೊತ್ತಿಲ್ಲ, ಅಂದೆ.
ಮುಂಗಟ್ಟಿನ ಗಂಟೆ ಬಾರಿಸಿತು,
ಯಾರೋ ಗಂಟಲಿಗೆ ಏನಾದರೂ ಕೊಡಿ ಎಂದರು.
ಮುಚ್ಚಲು ಇನ್ನು ಇಪ್ಪತ್ತೆರಡು ನಿಮಿಷ.
ಅವಳು ಫೋಟೊವನ್ನು ಬೆನ್ನು ಮೇಲಾಗಿ ಅಂಗೈಯಲ್ಲಿಟ್ಟುಕೊಂಡು
ಊದುತ್ತಿದ್ದಳು.